ವ್ಯಂಗ್ಯ ಎಂದರೆ ಸಾಲದು, ಸಾಲು ತೋರಿಸಬೇಕು

ಸಿಂಧನೂರಿನಲ್ಲಿ ಪದವಿ ತರಗತಿಗಳಿಗೆ ಇಂಗ್ಲಿಷ್ ಕಾವ್ಯ ಕಲಿಸುವ ನನಗೆ ಯುದ್ಧವಿರೋಧಿ ಕವಿತೆಯಷ್ಟು ಕಾಡುವ ಪಾಠ ಮತ್ತೊಂದಿಲ್ಲ. ಶಬ್ದಗಳು ಸುಲಭ, ಅರ್ಥ ಮಾತ್ರ ತಿರುವುಮುರುವು. ಅಮೆರಿಕದ ಸ್ಟೀಫನ್ ಕ್ರೇನ್ ‘ಅಳಬೇಡ ಹುಡುಗಿ, ಯುದ್ಧ ಕರುಣಾಮಯಿ’ ಎಂದು ಶುರುಮಾಡುತ್ತಾನೆ. ಕಿರುಪರೀಕ್ಷೆಯಲ್ಲಿ ‘ಕವಿ ಯುದ್ಧವನ್ನು ಹೊಗಳಿದ್ದಾನೆ’ ಎಂಬ ಉತ್ತರ ಬರುತ್ತದೆ. ಹಾಗೆ ಬರೆದವರನ್ನು ನಾನು ಬೈಯುವುದಿಲ್ಲ. ಪಾಪ, ಗೈಡ್ ಬಿಟ್ಟು ಕವಿತೆಯನ್ನೇ ಓದಿದ್ದಾರೆ.

ಅಂಥವರಿಗೆ ನಮ್ಮ ರಾಯಚೂರು ಜಿಲ್ಲೆಯಲ್ಲಿ ಒಂದು ಅನುಕೂಲವಿದೆ. ವಿಜಯದಾಸರ, ಮಾನ್ವಿಯ ಜಗನ್ನಾಥದಾಸರ ನೆಲವಿದು. ದಾಸರ ನಿಂದಾಸ್ತುತಿ, ಅಂದರೆ ಬೈಗುಳದ ರೂಪದ ಹೊಗಳಿಕೆ, ಹಲವರ ಕಿವಿಗೆ ಬಿದ್ದಿರುತ್ತದೆ. ದೇವರನ್ನು ಬೈಯುವ ದಾಸರನ್ನು ಯಾರೂ ನಾಸ್ತಿಕರೆಂದುಕೊಳ್ಳುವುದಿಲ್ಲ, ಬೈಯುತ್ತಿರುವವರು ಯಾರೆಂಬುದು ಗೊತ್ತಲ್ಲ! ಕ್ರೇನ್‌ನದು ಇದರ ತಲೆಕೆಳಗು. ಹೀಗಾಗಿ ‘ಅರ್ಥವೇನು’ ಎನ್ನುವ ಮೊದಲು ‘ಯಾರಿಗೆ ಹೇಳುತ್ತಿದ್ದಾನೆ’ ಎಂದು ಕೇಳುತ್ತೇನೆ. ಪ್ರಿಯಕರನನ್ನು ಕಳೆದುಕೊಂಡ ಹುಡುಗಿಗೆ, ತಂದೆಯಿಲ್ಲದ ಮಗುವಿಗೆ, ಮಗನ ಹೆಣದ ಮುಂದಿನ ತಾಯಿಗೆ. ಪ್ರಿಯಕರ ಆಕಾಶದತ್ತ ಕೈ ಚೆಲ್ಲಿದ. ಬೆದರಿದ ಕುದುರೆ ಒಂಟಿಯಾಗಿ ಓಡಿತು. ತಂದೆ ಹಳದಿ ಕಂದಕದಲ್ಲಿ ಉರುಳಿ, ಗುಟುಕರಿಸಿ ಸತ್ತ. ಇಷ್ಟು ಹೇಳಿ ಮರುಸಾಲಿನಲ್ಲೇ ‘ಅಳಬೇಡ’. ಈ ಸಾಲುಗಳನ್ನು ಹುಡುಗರಿಂದಲೇ ಗಟ್ಟಿಯಾಗಿ ಓದಿಸುತ್ತೇನೆ. ‘ಅಳಬೇಡ’ ಬಂದಾಗ ಯಾವ ದನಿಯಲ್ಲಿ ಓದಬೇಕೆಂದು ತಿಳಿಯದೆ ತಡವರಿಸುತ್ತಾರೆ. ಅಲ್ಲಿಗೆ ಅರ್ಧ ಪಾಠ ಮುಗಿಯಿತು.

ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲೆಂಡಿನ ಕವಿ ಸೀಗ್‌ಫ್ರೀಡ್ ಸಸೂನ್ 1917ರಲ್ಲಿ ಬರೆದ ‘ದಿ ಜನರಲ್’ ಏಳೇ ಸಾಲು. ನಗುನಗುತ್ತಾ ಶುಭೋದಯ ಹೇಳುವ ಸೇನಾಪತಿ, ಅವನನ್ನು ಮೆಚ್ಚುವ ಇಬ್ಬರು ಸಿಪಾಯಿಗಳು. ಬಿಡಿಯಾಗಿ ನಿಂತ ಕೊನೆಯ ಸಾಲಿನಲ್ಲಿ ಅವನ ಯೋಜನೆಯೇ ಇಬ್ಬರನ್ನೂ ಮುಗಿಸುತ್ತದೆ. ಇದಕ್ಕೆ ವಿವರಣೆ ಬೇಕಾಗುವುದಿಲ್ಲ.

ನಿಜವಾದ ತಲೆನೋವು ಆಮೇಲಿನದು. ವ್ಯಂಗ್ಯದ ರುಚಿ ಹತ್ತಿದವರಿಗೆ ಕಂಡದ್ದೆಲ್ಲ ವ್ಯಂಗ್ಯ. ಇಂಗ್ಲೆಂಡಿನ ಇನ್ನೊಬ್ಬ ಕವಿ ರೂಪರ್ಟ್ ಬ್ರೂಕ್ ಅದೇ ಯುದ್ಧ ಶುರುವಾದ 1914ರ ‘ದಿ ಸೋಲ್ಜರ್’ ಕವಿತೆಯಲ್ಲಿ, ತಾನು ಸತ್ತರೆ ಪರದೇಶದ ಹೊಲದ ಮೂಲೆಯೊಂದು ಎಂದೆಂದಿಗೂ ಇಂಗ್ಲೆಂಡ್ ಆಗಿರುತ್ತದೆ ಎನ್ನುತ್ತಾನೆ. ತರಗತಿಗೆ ತರಗತಿಯೇ ‘ಲೇವಡಿ ಸರ್’ ಎನ್ನುತ್ತದೆ. ಎಲ್ಲಿದೆ ಲೇವಡಿ? ಆಡಿದ ಮಾತನ್ನು ಸುಳ್ಳಾಗಿಸುವ ಹೆಣವಾಗಲಿ ಕಂದಕವಾಗಲಿ ಆ ಹದಿನಾಲ್ಕು ಸಾಲುಗಳಲ್ಲಿಲ್ಲ. ಬ್ರೂಕ್ 1915ರ ಏಪ್ರಿಲ್‌ನಲ್ಲಿ ಟರ್ಕಿಯ ಯುದ್ಧಭೂಮಿ ಗ್ಯಾಲಿಪೊಲಿಯ ದಾರಿಯಲ್ಲಿ ರಕ್ತ ನಂಜಾಗಿ ಸತ್ತ. ಅದು ಗೊತ್ತಿದ್ದವರಿಗೆ ಇಂದು ಕವಿತೆ ಕಹಿಯಾಗಿ ಕೇಳಿಸಬಹುದು. ಬರೆಯುವಾಗ ಕವಿಗೆ ಅದು ಗೊತ್ತಿರಲಿಲ್ಲವಲ್ಲ. ಯುದ್ಧ ಕೆಟ್ಟದ್ದೆಂಬ ನಮ್ಮ ಅಭಿಪ್ರಾಯವನ್ನು ಕಂಡಕಂಡ ಕವಿಗಳ ಬಾಯಿಗೆ ತುರುಕುವುದು ಗೈಡ್ ಬರೆಯುವವರ ಚಾಳಿ.

ಈಗ ನನ್ನ ಕಿರುಪರೀಕ್ಷೆಗಳಲ್ಲಿ ವ್ಯಂಗ್ಯವೆಂದು ಬರೆದವರು ಅದಕ್ಕೆ ಆಧಾರವಾದ ಸಾಲನ್ನೂ ಬರೆಯಬೇಕು. ಇಲ್ಲದಿದ್ದರೆ ಅರ್ಧ ಅಂಕ. ಒಬ್ಬ ವಿದ್ಯಾರ್ಥಿನಿ ಬ್ರೂಕ್‌ನ ಮೊದಲ ಸಾಲಿನ ‘ಸತ್ತರೆ’ಯನ್ನೇ ಹಿಡಿದು, ಸಾವಿನ್ನೂ ಎದುರಾಗದವನಿಗೆ ಇಷ್ಟೊಂದು ಭವ್ಯ ಮಾತೇಕೆ, ಇಲ್ಲೇನೋ ಕೊಂಕಿದೆ ಎಂದು ಒಂದು ಪುಟ ವಾದಿಸಿದ್ದಳು. ನನಗೆ ಒಪ್ಪಿಗೆಯಾಗಲಿಲ್ಲ, ಪೂರ್ತಿ ಅಂಕ ಕೊಟ್ಟೆ. ತಪ್ಪು ಉತ್ತರಕ್ಕೆ ಪೂರ್ತಿ ಅಂಕವೇ ಎಂದು ಸಹೋದ್ಯೋಗಿಯೊಬ್ಬರು ಈಗಲೂ ಜಗಳಕ್ಕೆ ಬರುತ್ತಾರೆ.