ಗಳದ ಮೇಲಿನ ಗೀರು

ಹೋದ ಭಾನುವಾರ ನಸುಕಿನಲ್ಲೇ ದೊಡ್ಡಪ್ಪನ ಮಗ ಬಾಗಿಲು ಬಡಿದ. "ಅಕ್ಕಾ, ಟೇಪು ಹಿಡಿದು ಬೇಗ ಬಾ" ಎಂದವನೇ ಹೊಳೆಯ ಕಡೆ ಓಡಿದ. ತುಂಗಭದ್ರಾ ಹಿನ್ನೀರಿನ ದಂಡೆಯಲ್ಲಿ, ಮಗುಚಿ ಹಾಕಿದ ಹರಿಗೋಲಿನ ಪಕ್ಕ, ಒದ್ದೆ ಗೋಣಿಚೀಲದ ಮೇಲೆ ಬಾಳೆ ಮೀನೊಂದು ಮಲಗಿತ್ತು. ಮೂತಿಯಿಂದ ಬಾಲದ ತುದಿಯವರೆಗೆ ಸರಿಯಾಗಿ ನಾಲ್ಕು ಅಡಿ. ತಕ್ಕಡಿಯಲ್ಲಿ ಒಂಬತ್ತು ಕಿಲೋ.

ಈ ಮೀನನ್ನು ಹತ್ತಿರದಿಂದ ನೋಡಬೇಕು. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿಕೊಂಡಿರುತ್ತದೆ. ಒಳಗೆ ಸಾಲು ಸಾಲು ಮೊನಚು ಹಲ್ಲು. ಮೈಮೇಲೆ ಒಂದೂ ಹುರುಪೆಯಿಲ್ಲ, ಬೆಳಗಿದ ತಟ್ಟೆಯಂತಹ ಬೂದು ಬೆಳ್ಳಿ. ಮೇಲಿನ ಎರಡು ಮೀಸೆಗಳನ್ನು ಹಿಂದಕ್ಕೆ ಎಳೆದರೆ ಹೊಟ್ಟೆಯ ಕೆಳಗಿನ ರೆಕ್ಕೆಯನ್ನು ಮುಟ್ಟುತ್ತವೆ. ಆ ರೆಕ್ಕೆಯೋ, ಸೀರೆಯ ಅಂಚಿನಂತೆ ಬಾಲದವರೆಗೂ ಹರಿದಿರುತ್ತದೆ. ಬೆನ್ನಿನ ರೆಕ್ಕೆ ಮಾತ್ರ ಹೆಬ್ಬೆರಳಿನಷ್ಟು. ವಿಜ್ಞಾನಿಗಳು ಇದನ್ನು ವಲ್ಲಾಗೊ ಅಟ್ಟು ಎನ್ನುತ್ತಾರೆ. 1801ರಲ್ಲಿ ಬ್ಲಾಕ್ ಮತ್ತು ಶ್ನೈಡರ್ ಇಟ್ಟ ಆ 'ಅಟ್ಟು' ಮಲಬಾರಿನವರ 'ಆಟ್ಟುವಾಳ'ದಿಂದ ಬಂದದ್ದು, ಅಂದರೆ ಹೊಳೆಯ ವಾಳೆ. ನಮ್ಮ 'ಬಾಳೆ'ಯ ನೆಂಟನಂತಿರುವ ಆ ಹೆಸರು ಪ್ರಪಂಚದ ಪುಸ್ತಕಗಳಲ್ಲೆಲ್ಲ ಇದೆ ಎಂಬುದು ನನಗೆ ದೊಡ್ಡ ಸಂತೋಷ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಮೀನು ಎಂದರೆ ಮೊದಲು ಕಣ್ಣಿಗೆ ಬೀಳುವುದು ಅಳತೆ. ಸಂತೆಯಲ್ಲಿ ಸಿಗುವ ಎರಡಡಿ ಬಾಳೆ ಒಂದು ಕಿಲೋ ಚಿಲ್ಲರೆ ತೂಗುತ್ತದೆ. ನಾಲ್ಕಡಿಯದು ಎರಡು ಕಿಲೋ ಚಿಲ್ಲರೆ ತೂಗಬೇಕಲ್ಲವೇ ಎಂದು ಮಕ್ಕಳನ್ನು ಕೇಳಿದರೆ ಅರ್ಧ ತರಗತಿ ಹೌದೆನ್ನುತ್ತದೆ. ಆದರೆ ಮೀನು ಹಗ್ಗದಂತೆ ಉದ್ದಕ್ಕೆ ಮಾತ್ರ ಬೆಳೆಯುವುದಿಲ್ಲ. ಉದ್ದ ಎರಡು ಪಟ್ಟಾದರೆ ಅಗಲ, ದಪ್ಪಗಳೂ ಸುಮಾರು ಎರಡೆರಡು ಪಟ್ಟಾಗುತ್ತವೆ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಒಂದು ಕಿಲೋ ಚಿಲ್ಲರೆಯ ಎಂಟು ಪಟ್ಟು ಒಂಬತ್ತು.

ಈ ಲೆಕ್ಕ ಕೈಯಲ್ಲಿದ್ದರೆ ದೊಡ್ಡ ಮೀನಿನ ಸುದ್ದಿಗಳನ್ನು ಅಳೆದು ನೋಡಬಹುದು. ಬಾಳೆ 2.4 ಮೀಟರ್ ಬೆಳೆಯುತ್ತದೆ, 45 ಕಿಲೋಗೂ ಮೀರಿ ತೂಗುತ್ತದೆ ಎಂದು ಪುಸ್ತಕಗಳಲ್ಲಿದೆ. 2.4 ಮೀಟರ್ ಎಂದರೆ ಎಂಟಡಿಗೆ ತುಸು ಕಡಿಮೆ. ನಮ್ಮ ನಾಲ್ಕಡಿ ಮೀನಿನ ಲೆಕ್ಕ ಹಿಡಿದರೆ ಅದು ಎಪ್ಪತ್ತು ಕಿಲೋ ಆಸುಪಾಸು ತೂಗಬೇಕು. ಈ ಎರಡು ಅಂಕಿಗಳು ಒಂದೇ ಮೀನಿನವಾಗಿರಲಾರವು. ಹಾಗೆಯೇ ಎಲ್ಲ ಮೀಸೆ ಮೀನಿಗೂ ಒಂದೇ ಗುಣಕ ನಡೆಯುವುದಿಲ್ಲ. 2005ರಲ್ಲಿ ಥಾಯ್ಲೆಂಡಿನ ಮೆಕಾಂಗ್ ನದಿಯಲ್ಲಿ ಸಿಕ್ಕ ದೈತ್ಯ ಮೀಸೆ ಮೀನು 2.7 ಮೀಟರ್ ಉದ್ದ, 293 ಕಿಲೋ ತೂಕ. ಅಷ್ಟೇ ಉದ್ದದ ಬಾಳೆ ನೂರು ಕಿಲೋ ಮುಟ್ಟುವುದೂ ಕಷ್ಟ. ಅದು ಪೀಪಾಯಿ, ನಮ್ಮದು ಕತ್ತಿಯ ಅಲಗು. ಅದು ಬೆಳೆದ ಮೇಲೆ ಹಲ್ಲಿಲ್ಲದ, ಪಾಚಿ ತಿನ್ನುವ ಜೀವಿ. ನಮ್ಮದು ಮೀನನ್ನು ಬೆನ್ನಟ್ಟಿ ನುಂಗುವ ಬೇಟೆಗಾರ.

ಮೊಬೈಲಿಗೆ ಬರುವ 'ದೈತ್ಯ ಬಾಳೆ'ಗಳಲ್ಲಿ ಬಹಳಷ್ಟು ಬಾಳೆಯೇ ಅಲ್ಲ. ಮೀಸೆ ಎಣಿಸಿ. ಎರಡು ಜೊತೆ ಇದ್ದರೆ ಬಾಳೆ. ನಾಲ್ಕು ಜೊತೆ ಇದ್ದು ಬೆನ್ನಿನ ರೆಕ್ಕೆಯೂ ಉದ್ದವಾಗಿದ್ದರೆ ಅದು ಆಫ್ರಿಕನ್ ಕ್ಯಾಟ್‌ಫಿಶ್. ಅದನ್ನು ಸಾಕುವುದಕ್ಕೆ ನಮ್ಮಲ್ಲಿ ನಿಷೇಧವಿದೆ; ಆದರೂ ಕೆರೆಗಳಿಗೆ ಸೇರಿದೆ. ಕೈ ಮುಂದೆ ಚಾಚಿ ಹಿಡಿದ ಮೀನಿನ ಚಿತ್ರವನ್ನಂತೂ ನಾನು ಅಳತೆಗೆ ತೆಗೆದುಕೊಳ್ಳುವುದೇ ಇಲ್ಲ.

ಮೀನು ಬದುಕಿರುವವರೆಗೂ ಬೆಳೆಯುತ್ತದೆ, ವಯಸ್ಸಾದಂತೆ ನಿಧಾನವಾಗಿ. ಹಾಗಾಗಿ ದೊಡ್ಡ ಮೀನೆಂದರೆ ಬಲೆ, ಗಾಳಗಳಿಂದ ವರ್ಷಗಟ್ಟಲೆ ತಪ್ಪಿಸಿಕೊಂಡ ಮೀನು. ಬಲೆಯ ಕಣ್ಣು ಸಣ್ಣದಾದಷ್ಟೂ ಆ ವರ್ಷಗಳು ಸಿಗುವುದಿಲ್ಲ. ಒಂದು ಸಲವೂ ಮೊಟ್ಟೆಯಿಡದ ಗೇಣುದ್ದದ ಬಾಳೆಮರಿಗಳನ್ನು ಬುಟ್ಟಿಯಲ್ಲಿ ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಅಳಿವಿನ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಯಲ್ಲಿ ಈಗ ಬಾಳೆಯೂ ಇದೆ.

ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಹರಿಗೋಲು ನೂಕಲು ಅವರು ಬಳಸುತ್ತಿದ್ದ ಬಿದಿರಿನ ಗಳ ಇನ್ನೂ ಸೂರಿನ ಕೆಳಗಿದೆ. ಅದರ ಮೇಲೊಂದು ಗೀರು. ತಮ್ಮ ಜೀವಮಾನದ ದೊಡ್ಡ ಬಾಳೆಯನ್ನು ಪಕ್ಕಕ್ಕಿಟ್ಟು ಕುಡುಗೋಲಿನಿಂದ ಮಾಡಿದ ಗುರುತು. "ಹದಿನೈದು ಕಿಲೋ ಇತ್ತು" ಎಂದು ಅವರು ಹೇಳಿದಾಗಲೆಲ್ಲ ಕಟ್ಟೆಯ ಮೇಲೆ ಕೂತವರು ನಕ್ಕು, ಹತ್ತಕ್ಕೆ ಇಳಿಸುತ್ತಿದ್ದರು. ನಾನೂ ಒಂದೆರಡು ಸಲ ನಕ್ಕಿದ್ದೇನೆ.

ಭಾನುವಾರ ಮಧ್ಯಾಹ್ನ ಗಳ ಇಳಿಸಿ ಟೇಪು ಹಿಡಿದೆ. ಬುಡದಿಂದ ಗೀರಿಗೆ ನಾಲ್ಕು ಅಡಿ ಒಂಬತ್ತು ಅಂಗುಲ. ನಾಲ್ಕೂಮುಕ್ಕಾಲನ್ನು ನಾಲ್ಕರಿಂದ ಭಾಗಿಸಿ, ಮೂರು ಸಲ ಗುಣಿಸಿ, ಮತ್ತೆ ಒಂಬತ್ತರಿಂದ ಗುಣಿಸಿದೆ. ಹದಿನೈದು ಕಿಲೋ, ಮೇಲೆ ಎಪ್ಪತ್ತು ಗ್ರಾಂ. ಚೀಟಿಯನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಿಂದ ಗಳದ ಧೂಳು ಒರೆಸಿದಳು.