256 ಬಣ್ಣಗಳಲ್ಲಿ ಟಿಪ್ಪುವಿನ ರಾಕೆಟ್ ಸಿಪಾಯಿ

2001ರ ಸಿವಿಲೈಸೇಶನ್ 3 ಎಂಬ ಕಂಪ್ಯೂಟರ್ ಆಟಕ್ಕೆ ನೀವೇ ಮೈಸೂರಿನ ರಾಕೆಟ್ ಪಡೆಯ ಸಿಪಾಯಿಯನ್ನು ಮಾಡಿ ಸೇರಿಸುವುದಾದರೆ ಮೊದಲು ಆಯುಧ ಸರಿಯಿರಲಿ. ಅದು ದೀಪಾವಳಿಯ ಕಾಗದದ ರಾಕೆಟ್ ಅಲ್ಲ. ಮದ್ದು ತುಂಬಿದ ಕಬ್ಬಿಣದ ಕೊಳವೆ, ಅದಕ್ಕೆ ಬಿಗಿದು ಕಟ್ಟಿದ ಬಿದಿರುಗಳ. ಕಬ್ಬಿಣವಾದ್ದರಿಂದಲೇ ಒಳಗಿನ ಒತ್ತಡ ತಡೆದು ಅಷ್ಟು ದೂರ ಹಾರುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯಲ್ಲಿ ಸಾವಿರದಷ್ಟು ಸಿಕ್ಕವಲ್ಲ, ಅವುಗಳ ಫೋಟೋ ಎದುರಿಗಿಟ್ಟುಕೊಂಡೇ ಕಂಪ್ಯೂಟರಿನಲ್ಲಿ 3ಡಿ ಮಾದರಿ ಕಟ್ಟಿ. ಗಳ ಕೊಳವೆಗಿಂತ ಹಲವು ಪಟ್ಟು ಉದ್ದವಿರಲಿ. ಗಿಡ್ಡ ಮಾಡಿದರೆ ಸೌದೆ ಹಿಡಿದವನಂತೆ ಕಾಣುತ್ತಾನೆ.

ಅಂಗಿಯ ಹುಲಿಪಟ್ಟೆಯನ್ನು ಪೂರ್ತಿ ಬಿಡಿಸಬೇಡಿ. ಆಟದಲ್ಲಿ ಕಾಣುವ ಗಾತ್ರಕ್ಕೆ ಇಳಿಸಿದಾಗ ಸಣ್ಣ ಪಟ್ಟೆಗಳು ಮಿನುಗುತ್ತವೆ. ಎದೆಗೆ ಮೂರು ದಪ್ಪ ಪಟ್ಟೆ ಸಾಕು.

ಸಿಪಾಯಿ ಮುಖ ಮಾಡುವ ಎಂಟು ದಿಕ್ಕು, ದಿಕ್ಕಿಗೆ 15 ಫ್ರೇಮ್ (ಚಲನೆಯ ಒಂದೊಂದು ಚಿತ್ರ) ಎಂದರೆ ದಾಳಿಯ ಚಲನೆಯೊಂದಕ್ಕೇ 120 ಚಿತ್ರ. ಎಲ್ಲ ದಿಕ್ಕಿಗೂ ಫ್ರೇಮ್ ಸಂಖ್ಯೆ ಒಂದೇ ಇರಬೇಕು. ಮಾದರಿಯಿಂದ ಚಿತ್ರ ತೆಗೆಯುವಾಗ (ರೆಂಡರ್) ಅಂಚು ನುಣುಪಾಗಿಸುವ ಆಂಟಿ-ಏಲಿಯಾಸಿಂಗ್ ತೆಗೆದುಬಿಡಿ, ಇಲ್ಲದಿದ್ದರೆ ಆಟದಲ್ಲಿ ಕಾಣದಂತಾಗಬೇಕಾದ ಹಿನ್ನೆಲೆಯ ಮೆಜೆಂಟಾ ಬಣ್ಣ ಅಂಚಿಗೆ ಮೆತ್ತಿಕೊಂಡು ಸಿಪಾಯಿಯ ಸುತ್ತ ಗುಲಾಬಿ ಗೆರೆ ಉಳಿಯುತ್ತದೆ.

ಹೆಚ್ಚು ಕಾಡುವುದು ಪ್ಯಾಲೆಟ್, ಅಂದರೆ ಚಿತ್ರ ಬಳಸಬಹುದಾದ 256 ಬಣ್ಣಗಳ ಪಟ್ಟಿ. ಆರಂಭದ ಬಣ್ಣಗಳು ಆಟಗಾರನ ಪಕ್ಷಕ್ಕೆ, ಕೊನೆಯವು ಹೊಗೆ, ನೆರಳು, ಪಾರದರ್ಶಕತೆಗೆ ಮೀಸಲು. ಚಿತ್ರಗಳನ್ನು ಈ ಪಟ್ಟಿಗೆ ಪರಿವರ್ತಿಸುವಾಗ ಪೇಟದ ಬಿಳಿ ಈ ಕೊನೆಯ ಸಾಲಿಗೆ ಜಾರಿದರೆ ತಲೆಯ ಮೂಲಕ ಹುಲ್ಲು ಕಾಣುತ್ತದೆ! ರಾಕೆಟ್ಟಿನ ಹೊಗೆಯನ್ನು ಮಾತ್ರ ಬೇಕೆಂದೇ ಅಲ್ಲಿಗೆ ತಳ್ಳಿ. ಈಗಿನ ಆಟಗಳ ಎಂಜಿನ್‌ಗಳಲ್ಲಿ ಪಾರದರ್ಶಕತೆಗೆಂದೇ ಇರುವ ಆಲ್ಫಾ ಚಾನೆಲ್ ಮಾಡುವ ಕೆಲಸವನ್ನು ಇಲ್ಲಿ ಬೆರಳೆಣಿಕೆಯ ಬಣ್ಣಗಳೇ ಮಾಡುವ ಜಾಣ್ಮೆ ನನಗೆ ಇಂದಿಗೂ ಇಷ್ಟ.