ಫ್ರಾಸ್ಟ್ ಪದ್ಯ "ಬೇರೆ ದಾರಿ ಹಿಡಿ" ಅಂತ ಹೇಳುತ್ತಾ? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಇಂಗ್ಲಿಷ್ ಪಾಠ ಮಾಡೋದ್ರಿಂದ ನಂಗೆ ಈ ಪ್ರಶ್ನೆ ಬರ್ತಾನೇ ಇರುತ್ತೆ, ಅದರಲ್ಲೂ ಹತ್ತನೇ ಕ್ಲಾಸ್ ರಿಸಲ್ಟ್ ಬಂದು ಸೈನ್ಸಾ ಕಾಮರ್ಸಾ ಅಂತ ಮನೆಮನೇಲೂ ಚರ್ಚೆ ಶುರುವಾದಾಗ. ಮಿಸ್, ಅಮೆರಿಕದ ಕವಿ ರಾಬರ್ಟ್ ಫ್ರಾಸ್ಟ್ "ದಿ ರೋಡ್ ನಾಟ್ ಟೇಕನ್" ಅಂತ ಬರೆದಿದಾನಲ್ಲ, ಎಲ್ಲರೂ ಹೋಗೋ ದಾರಿ ಬಿಟ್ಟು ಬೇರೆ ದಾರಿ ಹಿಡಿದ್ರೇನೇ ಲೈಫಲ್ಲಿ ಮೇಲೆ ಬರೋದು ಅಂತ ತಾನೇ ಅದರ ಅರ್ಥ?

ಅಲ್ಲ. ಪದ್ಯದಲ್ಲಿ ಹಾಗಂತ ಎಲ್ಲೂ ಇಲ್ಲ.

ಕಮ್ಮಿ ಜನ ಹೋದ ದಾರಿ ಹಿಡಿದೆ, ಎಲ್ಲಾ ವ್ಯತ್ಯಾಸ ಆಗಿದ್ದು ಅದರಿಂದ್ಲೇ ಅನ್ನೋ ಕೊನೇ ಮೂರು ಸಾಲು ಮಾತ್ರ ಪೋಸ್ಟರ್ ಮೇಲೆ, ವಾಟ್ಸಾಪ್ ಸ್ಟೇಟಸ್ಸಲ್ಲಿ ಓಡಾಡ್ತಿರುತ್ತೆ, ಆದ್ರೆ ಇರೋದೇ ಇಪ್ಪತ್ತು ಸಾಲು, ದಯವಿಟ್ಟು ಪೂರ್ತಿ ಓದಿ. ಎಲೆ ಹಳದಿಯಾದ ಕಾಡಲ್ಲಿ ದಾರಿ ಕವಲೊಡೆಯುತ್ತೆ, ಪದ್ಯ ಹೇಳೋನು ನಿಂತು ಒಂದು ದಾರೀನ ಅದು ಪೊದೆಯೊಳಗೆ ತಿರುಗೋವರೆಗೂ ನೋಡ್ತಾನೆ, ಆಮೇಲೆ ಇನ್ನೊಂದನ್ನ ಹಿಡೀತಾನೆ, ಇದರಲ್ಲಿ ಹುಲ್ಲು ಜಾಸ್ತಿ ಇತ್ತು ಅಂತಾನೆ, ಹಾಗಂದವನೇ ಜನ ಓಡಾಡಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಸವೆದಿದ್ವು ಅಂತಾನೂ ಒಪ್ಕೋತಾನೆ. ಮೂರನೇ ಸ್ಟಾಂಜಾದಲ್ಲಂತೂ ಆ ಬೆಳಿಗ್ಗೆ ಎರಡೂ ದಾರೀಲಿ ಬಿದ್ದಿದ್ದ ಎಲೆಗಳನ್ನ ಯಾರೂ ತುಳಿದು ಕಪ್ಪು ಮಾಡಿರಲಿಲ್ಲ. ಹಾಗಿದ್ಮೇಲೆ "ಕಮ್ಮಿ ಜನ ಹೋದ ದಾರಿ" ಎಲ್ಲಿಂದ ಬಂತು? ಎಷ್ಟೋ ವರ್ಷ ಆದ್ಮೇಲೆ ಹಾಗಂತ ಹೇಳ್ಕೊಂಡಿರ್ತೀನಿ ಅಂತ ಅವನೇ ಹೇಳ್ತಾನೆ! ಕಾರಣ ಆಮೇಲೆ ಹುಟ್ಟೋದು, ಕವಲಲ್ಲಿ ನಿಂತಾಗ ಇರಲಿಲ್ಲ.

ಇದರ ಹಿಂದೆ ಒಂದು ಗೆಳೆತನ ಇದೆ. ಫ್ರಾಸ್ಟ್ 1912ರಲ್ಲಿ ಸಂಸಾರ ಸಮೇತ ಅಮೆರಿಕದಿಂದ ಇಂಗ್ಲೆಂಡಿಗೆ ಹೋದ, ಅಲ್ಲಿ ಇಂಗ್ಲಿಷ್ ಲೇಖಕ ಎಡ್ವರ್ಡ್ ಥಾಮಸ್ ಪರಿಚಯ ಆದ, 1914ರಲ್ಲಿ ಇಬ್ಬರೂ ಗ್ಲಾಸ್ಟರ್‌ಶೈರ್‌ನ ಡಿಮಾಕ್ ಸುತ್ತಮುತ್ತ ತುಂಬಾ ನಡೀತಿದ್ರು. ಯಾವ ದಾರೀಲಿ ಹೋದ್ರೂ ಥಾಮಸ್‌ಗೆ ಛೆ, ಆ ಕಡೆ ಹೋಗಿದ್ರೆ ಇನ್ನೂ ಚೆನ್ನಾಗಿರೋದು ಅನ್ನೋ ಪೇಚಾಟ. ಅದನ್ನ ರೇಗಿಸೋಕೆ ಫ್ರಾಸ್ಟ್ ಇದನ್ನ ಬರೆದು ಕಳಿಸಿದ, ಥಾಮಸ್‌ಗೆ ತಮಾಷೆ ಅಂತಾನೇ ಅನ್ನಿಸಲಿಲ್ಲ. 1915ರ ಆಗಸ್ಟಲ್ಲಿ ಅಟ್ಲಾಂಟಿಕ್ ಮಂತ್ಲಿ ಅನ್ನೋ ಅಮೆರಿಕದ ಪತ್ರಿಕೇಲಿ ಬಂತು, ಅವತ್ತಿಂದ ಇವತ್ತಿನವರೆಗೂ ಎಲ್ಲರೂ ಸೀರಿಯಸ್ಸಾಗೇ ಓದ್ತಿದಾರೆ.

ಥಾಮಸ್ ಮುಂದೆ ನಿಜವಾದ ಕವಲೂ ಇತ್ತು. ಫ್ರಾಸ್ಟ್ ಹಿಂದೆ ತಾನೂ ಅಮೆರಿಕಕ್ಕೆ ಹೋಗೋದಾ, ಇಲ್ಲಾ ಮೊದಲನೇ ಮಹಾಯುದ್ಧಕ್ಕೆ ಮಿಲಿಟರಿ ಸೇರೋದಾ? ವಯಸ್ಸು ಮೂವತ್ತೇಳು, ಹೆಂಡತಿ, ಮೂರು ಮಕ್ಕಳು, ಕಡ್ಡಾಯವಾಗಿ ಸೇರಿಸೋ ಕಾನೂನು ಇನ್ನೂ ಬಂದಿರಲಿಲ್ಲ, ಆದ್ರೂ 1915ರ ಜುಲೈಯಲ್ಲಿ ಮಿಲಿಟರಿ ಸೇರಿದ, 1917ರ ಏಪ್ರಿಲಲ್ಲಿ ಫ್ರಾನ್ಸಿನ ಆರಾಸ್‌ನಲ್ಲಿ ಸತ್ತುಹೋದ. ಈ ಪದ್ಯವೇ ಅವನನ್ನ ಯುದ್ಧಕ್ಕೆ ತಳ್ತು ಅನ್ನೋರಿದಾರೆ. ನಾನು ಅಷ್ಟು ದೂರ ಹೋಗಲ್ಲ, ಹೋಗ್ಬೇಕಾ ಬೇಡ್ವಾ ಅನ್ನೋದು ಯುದ್ಧ ಶುರುವಾದಾಗಿಂದ್ಲೇ ಅವನನ್ನ ಕಾಡ್ತಿತ್ತು.

ಹಾಗಾದ್ರೆ ಬರೀ ಜೋಕಾ ಅಂತ ಕೇಳಿದ್ರೆ ಅದನ್ನೂ ನಾನು ಒಪ್ಪಲ್ಲ. ಮೊದಲನೇ ದಾರೀನ ಇನ್ನೊಂದು ದಿನಕ್ಕೆ ಇಟ್ಕೊಂಡೆ, ಆದ್ರೆ ಒಂದು ದಾರಿ ಇನ್ನೊಂದಕ್ಕೆ ಕರ್ಕೊಂಡು ಹೋಗುತ್ತೆ, ವಾಪಸ್ ಬರ್ತೀನಾ ಅನ್ನೋದೇ ಡೌಟು ಅಂತಾನಲ್ಲ, ನಂಗೆ ಇಡೀ ಪದ್ಯದಲ್ಲಿ ತಾಗೋದು ಅದೇ. ಕಾಮರ್ಸ್ ತಗೊಂಡು ವರ್ಷ ಆದ್ಮೇಲೂ "ತಪ್ಪು ಮಾಡಿದ್ನಾ ಮಿಸ್" ಅಂತ ಒದ್ದಾಡೋ ಮಕ್ಕಳಿಗೆ ನಾನು ತೋರಿಸೋದೂ ಆ ಸಾಲನ್ನೇ. ಅಪ್ಪ ಅಮ್ಮಂದಿರಿಗೆ ಒಂದು ಮಾತು, ಈ ಪದ್ಯ ಹಿಡ್ಕೊಂಡು ಮಕ್ಕಳನ್ನ ಯಾವ ಕಡೆಗೂ ತಳ್ಳಬೇಡಿ.

ಎಕ್ಸಾಮಲ್ಲಿ ಏನು ಬರೀಲಿ ಅಂತ ಕೇಳೋರು: ಎರಡು ದಾರೀನೂ ಸಮ ಅಂತ ಧೈರ್ಯವಾಗಿ ಬರೀರಿ, ಮೂರನೇ ಸ್ಟಾಂಜಾದ ಎಲೆಗಳ ಸಾಲನ್ನ ಕೋಟ್ ಮಾಡಿ.